ಶಿಗ್ಗಾವಿ ವಾಚನಾಲಯಕ್ಕೆ ಬಂದ ಜಗಳದ ಪುಸ್ತಕ

ವಾಚನಾಲಯ ನೋಡಿಕೊಳ್ಳುವವನಿಗೆ ನಗುವಿಗೆ ಬರಗಾಲವಿಲ್ಲ. ಜನ ಪುಸ್ತಕ ಓದುವುದನ್ನಾದರೂ ಬಿಟ್ಟಾರು, ಅದರ ಬಗ್ಗೆ ಮಾತಾಡುವುದನ್ನು ಬಿಡಲಾರರು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ನಾನು ಶಿಗ್ಗಾವಿಯ ಪುಟ್ಟ ವಾಚನಾಲಯದಲ್ಲಿದ್ದಾಗ, ಇಸ್ಲಾಂ ಧರ್ಮವನ್ನು ಟೀಕಿಸುವ ಪುಸ್ತಕವೊಂದನ್ನು ಯಾರೋ ಪುಣ್ಯಾತ್ಮರು ಕಾಣಿಕೆಯಾಗಿ ಕಳಿಸಿದರು. ಊರು ಎರಡು ಪಾಲಾಯಿತು. "ಗದ್ದಲಾತು ಅಂದ್ರ ವಾಚನಾಲಯಕ್ಕ ಬೀಗಾ ಹಾಕಸ್ತೇನಿ," ಎಂದು ಪೊಲೀಸ್ ಫೌಜದಾರರು ಗುಡುಗಿದರು. ನನಗೆ ಅನ್ನ ಸೇರಲಿಲ್ಲ.

೧. ಕಿಟಕಿ

ಅರಳೆ ವ್ಯಾಪಾರದ ಶೆಟ್ಟರು ಪುಸ್ತಕ ಇರಲೇಬೇಕೆಂದರು. ವೀಳ್ಯದೆಲೆ ವ್ಯಾಪಾರದ ಸಾಹೇಬರು, "ನಮ್ಮ ಧರ್ಮಕ್ಕ ಬೈದ ಪುಸ್ತಕ ಇರೂತನಕ ನಾ ಒಳಗ ಬರಂಗಿಲ್ಲ," ಎಂದು ಹೊರಗಿನ ಕಟ್ಟೆಯ ಮೇಲೆ ಕುಳಿತರು. ಸಾಹೇಬರಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಶೆಟ್ಟರೇ ಅವರಿಗೆ ಪತ್ರಿಕೆ ಓದಿ ಹೇಳುತ್ತಿದ್ದರು. ಮರುದಿನ ಶೆಟ್ಟರು ಕಿಟಕಿಗೆ ಆತುಕೊಂಡು, ಬೀದಿಗೆಲ್ಲ ಕೇಳುವಂತೆ ಪತ್ರಿಕೆ ಓದತೊಡಗಿದರು.

"ಯಾರಿಗ್ರಿ ಇದು?" ಎಂದೆ.

"ಯಾರಿಗೂ ಅಲ್ಲ. ನನಗ ಕಿವಿ ಮಂದ!"

೨. ಬಸ್ಸು

ಎರಡೂ ಪಾಲಿನವರು ಸೇರಿ ಒಂದು ವಾದದ ಸಭೆ ಗೊತ್ತುಮಾಡಿದರು. ಪುಸ್ತಕದ ಪರ ಹಾನಗಲ್ಲಿನ ವಕೀಲರು, ವಿರುದ್ಧ ಚಿಕ್ಕೇರೂರಿನಲ್ಲಿ ಉರ್ದು ಕಲಿಸುವ ಮುನ್ಶಿಗಳು ಬರಬೇಕಿತ್ತು. ಬಂದದ್ದು ಒಂದೇ ಬಸ್ಸಿನಲ್ಲಿ. ಅದು ದಾರಿಯಲ್ಲಿ ಕೆಸರಿನಲ್ಲಿ ಹೂತುಹೋಗಿ, ಇಬ್ಬರೂ ಇಳಿದು "ಐಸಾ" ಎಂದು ಕೂಗುತ್ತ ನೂಕಿದರಂತೆ. ಹಾರ ಹಿಡಿದು ನಿಂತ ನಮ್ಮವರಿಗೆ ಕಂಡದ್ದು ಎರಡು ಕೆಸರಿನ ಮುದ್ದೆ. ಹಾರ ಅದಲುಬದಲಾದವು. ಸಭೆಯಲ್ಲಿ ವಕೀಲರು ಎದ್ದರೆ ದನಿಯೇ ಹೊರಡಲಿಲ್ಲ. ಮುನ್ಶಿಗಳು ಪಿಸುಗುಟ್ಟಿದರು: "ಸಭಾ ಮುಂದ ಹಾಕ್ರಿ. ನಮ್ಮಿಬ್ಬರ ದನಿನೂ ಬಸ್ಸಿನ ಹಿಂದನ ಹೋತು."

೩. ಚಾಕು

ಫೌಜದಾರರ ತಾಳ್ಮೆ ಮುಗಿಯಿತು. ಬೀಗ ಹಿಡಿದೇ ಬಂದು, ಶೆಟ್ಟರನ್ನು ಹೊರಗೆ ಕರೆದು, ಸಾಹೇಬರ ಮುಂದೆ ಕಟ್ಟೆಯ ಮೇಲೆ ಪುಸ್ತಕ ಇಟ್ಟರು. "ಯಾವ ಹಾಳ್ಯಾಗ ಐತ್ರಿ ನಿಮ್ಮ ಜಗಳ? ತೆಗದ ತೋರಸ್ರಿ."

ತೆಗೆಯಲು ಬರಲಿಲ್ಲ. ಆಗ ಕೆಲವು ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು, ಕೊಯ್ದು ಬಿಡಿಸಿದರಷ್ಟೇ ಓದಬಹುದು. ಇದರ ಒಂದು ಹಾಳೆಯನ್ನೂ ಯಾರೂ ಬಿಡಿಸಿರಲಿಲ್ಲ. ಫೌಜದಾರರು ನನ್ನನ್ನು ನೋಡಿದರು. ನಾನು ಸೂರು ನೋಡಿದೆ.

ಸಾಹೇಬರು ಕಿಸೆಯಿಂದ ಚಾಕು ತೆಗೆದರು. ಫೌಜದಾರರ ಕೈ ಲಾಠಿಗೆ ಹೋಯಿತು. ಸಾಹೇಬರು ಎಲೆಯ ತೊಟ್ಟು ಕೊಯ್ಯುವ ಹದದಲ್ಲಿ ಹಾಳೆ ಬಿಡಿಸುತ್ತ, "ಓದ್ರಿ ಶೆಟ್ರ, ಏನ್ ಬೈದಾನ ಕೇಳೂಣು," ಎಂದರು.

ಶೆಟ್ಟರು ಓದಿದರು. ಕೇಳುತ್ತ ಸಾಹೇಬರ ಮುಖ ಬಾಡಿತು. ಅದನ್ನು ಕಂಡು ಶೆಟ್ಟರ ದನಿ ಇಳಿಯಿತು. ಪುಸ್ತಕ ಮುಚ್ಚಿ ನನಗೆ ಹೇಳಿದರು: "ಇದಕ್ಕ ಉತ್ತರಾ ಯಾರಾರ ಬರದಿದ್ರ ಅದನ್ನೂ ತರಸ್ರಿ. ಬಾಜೂಕ ಇಡೂಣು."

ಫೌಜದಾರರು ಬೀಗವನ್ನು ಕಿಸೆಗೆ ಹಾಕಿಕೊಂಡರು. ಸಾಹೇಬರು ಚಾಕು ಮಡಚಿ, ಎದ್ದು ಒಳಗೆ ಬಂದು, ತಮ್ಮ ಹಳೆಯ ಜಾಗದಲ್ಲಿ ಕುಳಿತರು.

"ತರಸ್ರಿ," ಎಂದರು. "ಆದ್ರ ಈ ಸಲ ಮೊದಲ ಓದೂಣು, ಆಮ್ಯಾಲ ಜಗಳಾಡೂಣು."