ಪೀನಟ್ ಫ್ರೀ ಎಳ್ಳು ಬೀರಿದ್ದು

ಕಾನ್ವೆಂಟಿನಲ್ಲಿ ಓದಿದವಳಿಗೆ ಇನ್‌ಸ್ಟ್ರಕ್ಷನ್ಸ್ ಫಾಲೋ ಮಾಡುವುದನ್ನು ಯಾರೂ ಕಲಿಸಬೇಕಿಲ್ಲ ಎಂದು ನಾನು ನಂಬಿದ್ದೆ.

ಮೊಮ್ಮಗಳು ಮೇಘಾಳಿಗೆ ಕಡಲೆಬೀಜ ಆಗದು. ಒಂದೇ ಒಂದು ಕಾಳು ಸಾಕು, ತುಟಿ ಊದಿ ಉಸಿರು ಕಟ್ಟುತ್ತದೆ. ಹಾಗಾಗಿ ಸಂಕ್ರಾಂತಿಯಲ್ಲಿ ಓರಗೆಯ ಹುಡುಗಿಯರು ಲಂಗ ಉಟ್ಟು ಎಳ್ಳು ಬೀರಲು ಹೊರಟರೆ, ಪಾಪದ ಮಗು ನಮ್ಮ ವಿನೋಬನಗರದ ಮನೆಯ ಗೇಟು ಹಿಡಿದು ನಿಂತು ನೋಡುತ್ತಿತ್ತು.

ಈ ವರ್ಷ ಸೊಸೆ ಸುಷ್ಮಾಳಿಗೆ ಘೋಷಿಸಿದೆ: "ಲೀವ್ ಇಟ್ ಟು ಮಿ!"

ಡಾಕ್ಟರ್ ಒಪ್ಪಿದ ಎಳ್ಳು, ಕೊಬ್ಬರಿ, ಬೆಲ್ಲ, ಹುರಿಗಡಲೆ ಮಾತ್ರ ಬೆರೆಸಿದೆ. ಹೊಸ ಡಬ್ಬಿಗೆ ಕರ್ಸಿವ್ ಅಕ್ಷರದಲ್ಲಿ 'ಪೀನಟ್ ಫ್ರೀ' ಎಂಬ ಲೇಬಲ್ ಅಂಟಿಸಿದೆ. ಎಮರ್ಜೆನ್ಸಿ ಔಷಧಿಯನ್ನು ಬ್ಯಾಗಿಗೆ ಹಾಕಿಕೊಂಡು, ಭದ್ರಾವತಿಯಲ್ಲಿರುವ ತಂಗಿ ಲಲಿತೆಯ ಬೀದಿಗೆ ದಂಡಯಾತ್ರೆ ಹೊರಟೆವು. ಬೇರೆ ಮನೆಯವರು ಕೊಡುವ ಎಳ್ಳು ನನ್ನ ಕೈಚೀಲಕ್ಕೆ, ಮೇಘಾ ಮುಟ್ಟುವಂತಿಲ್ಲ. ಎಂಥಾ ಪ್ಲಾನಿಂಗ್!

ಏಳನೇ ಮನೆಗೆ ಡಬ್ಬಿ ಖಾಲಿ. ಇನ್ನೂ ಮೂರು ಮನೆ ಬಾಕಿ!

"ಬಂದಿದ್ದನ್ನೇ ಬೀರೇ ಮಾರಾಯ್ತಿ. ಊರೆಲ್ಲ ಮಾಡೋದು ಅದನ್ನೇ ಅಲ್ವಾ?" ಎಂದಳು ನಮ್ಮ ಜೊತೆಗೇ ಬಂದಿದ್ದ ಲಲಿತೆ.

ಹೌದಲ್ಲ! ನಮ್ಮಮ್ಮನೂ ಹಾಗೇ ಮಾಡುತ್ತಿದ್ದಳು. ಜಗಲಿಯ ಮೇಲೆ ಕೂತು, ಏಳು ಮನೆಯ ಎಳ್ಳನ್ನೂ ನನ್ನ ಪವಿತ್ರ ಡಬ್ಬಿಗೆ ಸುರಿದೆ.

ಎಂಟನೇ ಮನೆಯಾಕೆ ಅದೇ ಡಬ್ಬಿಯಿಂದ ಒಂದು ಚಮಚ ತೆಗೆದು ಮೇಘಾಳಿಗೆ ನೀಡಿದರು. "ನೀನೂ ತಿನ್ನು ಪುಟ್ಟಿ, ಒಳ್ಳೆ ಮಾತಾಡು."

"ತಿನ್ನು, ತಿನ್ನು. ಹಂಡ್ರೆಡ್ ಪರ್ಸೆಂಟ್ ಸೇಫ್!" ಎಂದೆ ನಾನು.

ಮೇಘಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಅಜ್ಜಿ, ಇದ್ರಲ್ಲಿ ಕಡ್ಲೆಬೀಜ ಇದೆ."

"ನಾನ್‌ಸೆನ್ಸ್! ಲೇಬಲ್ ನೋಡು."

"ಲೇಬಲ್‌ನಲ್ಲಿ ಇಲ್ಲ ಅಜ್ಜಿ. ಡಬ್ಬೀಲಿದೆ."

ಜಗಲಿಯ ಮೇಲೆ ಸುರಿದದ್ದು ಆಗ ನೆನಪಾಯಿತು. "ಡೋಂಟ್ ಮೂವ್!" ಎಂದು ಕಿರುಚಿ ಚಮಚ ತಟ್ಟಿದೆ. ಡಬ್ಬಿಯೂ ಹಾರಿತು! ಏಳು ಮನೆಯ ಎಳ್ಳು ಅವರ ಹಾಲ್ ತುಂಬ ಹರಡಿತು. ಮನೆಯಾಕೆ ಸೀರೆ ಎತ್ತಿಕೊಂಡು ಸೋಫಾ ಹತ್ತಿದರು. ಅಲರ್ಜಿ ಯಾರಿಗೆ ಎಂಬುದು ಅವರಿಗೆ ಇನ್ನೂ ಸ್ಪಷ್ಟವಾಗಿರಲಿಲ್ಲ!

ಮೇಘಾಳನ್ನು ತಬ್ಬಿಕೊಳ್ಳಲು ಹೋದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಫಸ್ಟ್ ಸೋಪ್ ಹಾಕಿ ಕೈ ತೊಳ್ಕೊಂಡ್ ಬಾ."

ತೊಳೆದು ಬಂದೆ. ಆಮೇಲೆ ತಬ್ಬಿಕೊಂಡಳು. ಕಣ್ಣು ಒರೆಸಿಕೊಂಡದ್ದು ಮಾತ್ರ ನಾನು.

ಸಂಜೆ ಸೊಸೆಯ ಮುಂದೆ ತಪ್ಪೊಪ್ಪಿಗೆ ಸಲ್ಲಿಸಿದೆ. ಸುಷ್ಮಾ ಡಬ್ಬಿಯ ಮೇಲಿನ ಲೇಬಲ್ ಕಿತ್ತು ಹಾಕಿದಳು.

"ಮುಂದಿನ ವರ್ಷನೂ ಇಬ್ರೂ ಹೋಗಿ ಬನ್ನಿ ಅತ್ತೆ. ಆದ್ರೆ ಜವಾಬ್ದಾರಿ ಒಬ್ರದ್ದೇ ಇರ್ಲಿ."

ವಿನಯದಿಂದ ತಲೆಬಾಗಿದೆ.

"ನಿಮ್ದಲ್ಲ. ಅವಳದ್ದು."

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೊಬ್ಬಳು ಗಾರ್ಡಿಯನ್ ಸಿಕ್ಕಿದ್ದಾಳೆ. ಮೂರನೇ ಕ್ಲಾಸು!