ಹದಿನಾರು ವಾರದ ಕೊಬ್ಬರಿ

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಇದು ಮೇಷ್ಟ್ರ ಕೆಲಸದಿಂದ ಅಂಟಿದ ಕಾಯಿಲೆಯೋ, ಹುಟ್ಟಿನಿಂದಲೇ ಬಂದದ್ದೋ ಹೇಳಲಾರೆ. ಅರಸೀಕೆರೆ ಸ್ಟೇಷನ್ನಿನಲ್ಲಿ ಯಾರಾದರೂ ಅಪರಿಚಿತರು ಮೈಸೂರಿನ ರೈಲು ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಕೇಳಿದರೆ, ಎರಡು ಎಂದು ಧೈರ್ಯವಾಗಿ ಹೇಳಿಬಿಡುತ್ತೇನೆ. ಆಮೇಲೆ ಅವರ ಕಣ್ಣಿಗೆ ಬೀಳದ ಹಾಗೆ ಬೇಗ ಬೇಗ ಮೇಲ್ಸೇತುವೆ ಹತ್ತುತ್ತೇನೆ. ಇಪ್ಪತ್ತೆರಡು ವರ್ಷದಿಂದ ಈ ಊರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಪಾಠ ಮಾಡುತ್ತಿದ್ದೇನೆ ಎಂದರೆ ನೋಟ್ಸ್ ಬರೆಸುತ್ತಿದ್ದೇನೆ. ನಾನು ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ನನಗೆ ವಾಪಸ್ ಕೊಡುತ್ತಾರೆ. ಈ ವ್ಯವಹಾರದಲ್ಲಿ ಇಬ್ಬರಿಗೂ ಯಾವ ತೊಂದರೆಯೂ ಇರಲಿಲ್ಲ.

ಹೀಗಿರುವಾಗ ನಮ್ಮ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಅನುಭವಾತ್ಮಕ ಕಲಿಕೆಯ ಹೊಸ ಕೋರ್ಸ್ ರೂಪಿಸುವ ಅಧ್ಯಾಪಕರಿಗೆ ಅನುದಾನ ಕೊಡುತ್ತಾರಂತೆ, ಜೊತೆಗೆ ಕೈಹಿಡಿದು ನಡೆಸಲು ಒಬ್ಬ ಮಾರ್ಗದರ್ಶಕರನ್ನೂ ಕೊಡುತ್ತಾರಂತೆ. ಪ್ರಿನ್ಸಿಪಾಲರು ಬೇಲೂರಿನವರು, ಸಂಪಿಗೆ ಬಣ್ಣದ ಶಾಲು ಹೊದ್ದು ಸದಾ ಶೀತದಲ್ಲಿರುವ ಮನುಷ್ಯ. ನನ್ನನ್ನು ಕರೆಸಿ ಆ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ‘ನಿಮಗೆ ಇಪ್ಪತ್ತೆರಡು ವರ್ಷದ ಅನುಭವ ಇದೆ. ಇದು ಅನುಭವದ ಕೋರ್ಸು. ನೀವೇ ಬರೀರಿ’ ಎಂದರು. ಈ ತರ್ಕದಲ್ಲಿ ಎಲ್ಲೋ ಒಂದು ತೂತಿದೆ ಎನಿಸಿತು. ಎಲ್ಲಿ ಎಂದು ತಿಳಿಯದೆ ಆಗಲಿ ಸರ್ ಎಂದೆ.

ನಿಜಕ್ಕೂ ನಾನು ಒಪ್ಪಿದ್ದು ಶೋಭಾಳಿಗಾಗಿ. ಶೋಭಾ ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿ. ದಿನಾ ಹಳೇಬೀಡಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಅತಿಥಿ ಎಂದು ಹೆಸರಷ್ಟೇ, ಉಪಚಾರವೇನೂ ಇಲ್ಲ. ವಾರಕ್ಕೆ ಇಷ್ಟು ಗಂಟೆ ಪಾಠವಿದ್ದರೆ ಇರಬಹುದು, ಇಲ್ಲದಿದ್ದರೆ ಮುಂದಿನ ವರ್ಷ ಬರುವಂತಿಲ್ಲ. ನಮ್ಮಲ್ಲಿ ಸೇರುವ ಮಕ್ಕಳು ಕಡಿಮೆಯಾಗಿ ಅವಳ ನಾಲ್ಕು ಗಂಟೆ ಕರಗಿಹೋಗಿತ್ತು. ಸುತ್ತೋಲೆಯನ್ನು ನನಗಿಂತ ಮೊದಲು ಓದಿದ್ದವಳು ಅವಳೇ. ‘ಸರ್, ಹೊಸ ಕೋರ್ಸಿಗೆ ವಾರಕ್ಕೆ ನಾಲ್ಕು ಗಂಟೆ ಅಂತಿದೆ. ಅದು ಬಂದ್ರೆ ನಾನು ಉಳ್ಕೋತೀನಿ’ ಎಂದಳು. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಚೀಲದ ಜಿಪ್ ಎಳೆಯುತ್ತಾ ನಿಂತಿದ್ದಳು. ನನಗೆ ಸಂಕಟವಾಯಿತು. ಚಿಂತೆ ಮಾಡಬೇಡಮ್ಮ, ನಾನಿಲ್ಲವೇ ಎಂದೆ. ಮೇಲ್ಸೇತುವೆ ಹತ್ತುವುದಕ್ಕೆ ಮುಂಚೆ ನಾನು ಆಡುವ ದನಿಯೇ ಅದು.

ಅರ್ಜಿ ಹದಿನಾಲ್ಕು ಪುಟವಿತ್ತು. ಮಾರ್ಗದರ್ಶಕಿ ಫೋನಿನಲ್ಲಿ ಸಿಗುತ್ತಿದ್ದರು. ಹಿರಿಯ ಪ್ರಾಧ್ಯಾಪಕಿ, ಮೆತ್ತಗೆ ಮಾತಾಡುವವರು. ಮೊದಲು ನಾನು ಮಕ್ಕಳನ್ನು ಹಳೇಬೀಡಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದೆಂದು ಬರೆದೆ. ‘ಅದು ಪ್ರವಾಸ. ನೋಡೋದಲ್ಲ ಸರ್, ಮಾಡಬೇಕು. ಕೈಯಿಂದ ಮಾಡಬೇಕು’ ಎಂದರು ಅವರು. ನಾನು ಇದನ್ನು ಪ್ರಿನ್ಸಿಪಾಲರಿಗೆ ಹೇಳಿದರೆ, ಅವರು ಮೂಗು ಒರೆಸಿಕೊಂಡು, ‘ಏನು, ಬಿಕಾಂ ಮಕ್ಕಳು ಕಲ್ಲು ಕೆತ್ತಬೇಕಂತಾ?’ ಎಂದು ಕೇಳಿದರು. ಇರಬಹುದೇನೋ ಎಂದು ನನಗೂ ಒಂದು ದಿನ ಪೂರ್ತಿ ಅನುಮಾನವಿತ್ತು. ಶೋಭಾ ಮಾತ್ರ ನಕ್ಕಳು. ‘ನಮ್ಮನೆ ಹಿತ್ತಲಿಂದ ಕೂಗಿದ್ರೆ ದೇವಸ್ಥಾನದ ಗೈಡಿಗೆ ಕೇಳ್ಸುತ್ತೆ ಸರ್. ಅಲ್ಲಿ ಹುಟ್ಟಿ ಬೆಳೆದ ನನಗೇ ಇನ್ನೂ ಯಾವ ಅನುಭವಾನೂ ಆಗಿಲ್ಲ’ ಎಂದಳು.

ದಾರಿ ತೋರಿಸಿದ್ದು ನನ್ನ ಅತ್ತೆಯ ಮನೆಯ ಅಟ್ಟ. ನಾನು ಬಿಕ್ಕೋಡಿನವನು; ತಂದೆ ಅಲ್ಲೊಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಮದುವೆಯಾದದ್ದು ಮಾತ್ರ ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಯ ಹೆಣ್ಣನ್ನು. ಮಾವನವರು ಹೋದ ಮೇಲೆ ಜಾವಗಲ್ ರಸ್ತೆಯ ತೋಟವನ್ನೂ ಅಟ್ಟವನ್ನೂ ನೋಡಿಕೊಳ್ಳುವವರು ಅತ್ತೆ ಶಾರದಮ್ಮನವರೇ. ಈ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟು, ಇಡೀ ಉಂಡೆಯಾಗಿ ಹೊರಗೆ ಬರುತ್ತದೆ. ಅದಕ್ಕೆ ಗಿಟುಕು ಎನ್ನುತ್ತಾರೆ. ಕಾಯಿ ಮೇಲೆ ಹೋಗುತ್ತದೆ, ಗಿಟುಕು ಕೆಳಗೆ ಬರುತ್ತದೆ ಎನ್ನುವುದನ್ನು ಇಪ್ಪತ್ತು ವರ್ಷದಿಂದ ಅಳಿಯನ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾ ನೋಡಿದ್ದೆ. ಕೊಬ್ಬರಿ ಮಾಡಿ ಮಾರುಕಟ್ಟೆಗೆ ಒಯ್ಯುವುದು, ಇದೇ ಕೋರ್ಸು. ಮಾರ್ಗದರ್ಶಕಿಗೆ ಬಹಳ ಹಿಡಿಸಿತು.

ಅರ್ಜಿಯಲ್ಲಿ ‘ಅವಧಿ’ ಎಂಬ ಚೌಕದಲ್ಲಿ ಹದಿನಾರು ವಾರ ಎಂದು ಅವರೇ ಅಚ್ಚು ಹಾಕಿಸಿದ್ದರು, ಸೆಮಿಸ್ಟರೆಂದರೆ ಅಷ್ಟೇ ತಾನೇ. ನಾನು ಶ್ರದ್ಧೆಯಿಂದ ವಾರ ಹಂಚಿದೆ. ಮೊದಲ ವಾರ ಕಾಯಿ ಅಟ್ಟಕ್ಕೆ. ಹದಿನೈದನೆಯ ವಾರ ಸುಲಿಯುವುದು. ಹದಿನಾರನೆಯ ವಾರ ಗಿಟುಕು, ಮಾರುಕಟ್ಟೆ, ಮುಕ್ತಾಯ. ಟೈಪು ಮಾಡುತ್ತಿದ್ದ ಶೋಭಾ ಕೈ ನಿಲ್ಲಿಸಿ, ‘ಸರ್, ಅಷ್ಟರೊಳಗೆ ಆಗುತ್ತಾ? ನಮ್ಮ ಕಡೆ ಹಸಿಕಾಯೇ ಮಾರ್ತಾರೆ, ನಂಗೆ ಗೊತ್ತಿಲ್ಲ’ ಎಂದಳು. ಗೊತ್ತಿಲ್ಲ ಎಂದು ಎಷ್ಟು ಹಗುರವಾಗಿ ಹೇಳಿದಳು ನೋಡಿ. ‘ಆಗದೆ ಏನು? ನಾನು ಕೊಬ್ಬರಿ ಮನೆಯ ಅಳಿಯ’ ಎಂದೆ.

ಕೋರ್ಸು ಮಂಜೂರಾಯಿತು. ಇನ್ನೂರು ಕಾಯಿ ಅಟ್ಟ ಹತ್ತಿತು. ಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು, ಪತ್ರಿಕೆಯಲ್ಲೂ ಫೋಟೋ ಬಂತು. ಆಮೇಲೆ ಏನು ಮಾಡಿಸಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ. ಕಾಯಿ ಅಟ್ಟದ ಮೇಲೆ ತನ್ನ ಪಾಡಿಗೆ ತಾನಿರುತ್ತದೆ, ಅದಕ್ಕೆ ನಮ್ಮ ಸಹಾಯವೇನೂ ಬೇಕಾಗಿಲ್ಲ. ವಾರಕ್ಕೆ ನಾಲ್ಕು ಗಂಟೆ ತುಂಬಬೇಕಲ್ಲ. ಮೂರನೆಯ ಶನಿವಾರ ಮೂವತ್ತು ಮಕ್ಕಳನ್ನೂ ಅಟ್ಟದ ಕೆಳಗೆ ಸಾಲಾಗಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಹೇಳಿದೆ: ‘ಬರ್ಕೊಳ್ಳಿ. ಕೊಬ್ಬರಿಯ ಲಕ್ಷಣಗಳು. ಒಂದು.’ ಶೋಭಾ ನನ್ನನ್ನು ಒಂದು ಥರ ನೋಡಿದಳು. ಅತ್ತೆಯವರು ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟು, ಕಂಬಕ್ಕೆ ಒರಗಿ ನಿಂತು ಗೌರವದಿಂದ ಕೇಳಿಸಿಕೊಂಡರು. ಹೀಗೆ ಶನಿವಾರಗಳು ಕಳೆದವು. ನೋಟ್ಸ್ ಅರವತ್ತು ಪುಟವಾಯಿತು.

ಹದಿನಾರನೆಯ ವಾರ ಮಾರ್ಗದರ್ಶಕಿಯೇ ಪರಿಶೀಲನೆಗೆ ಬಂದರು. ಅವರ ಕಣ್ಣೆದುರೇ ಆಗಲಿ ಎಂದು ಹಿಂದಿನ ವಾರದ ಸುಲಿಯುವ ಕೆಲಸವನ್ನೂ ಅವತ್ತಿಗೇ ಇಟ್ಟುಕೊಂಡಿದ್ದೆ. ಅವರ ವರದಿಯ ಮೇಲೆ ಕೋರ್ಸು ಮುಂದುವರಿಯುವುದು, ಕೋರ್ಸಿನ ಮೇಲೆ ಶೋಭಾಳ ನಾಲ್ಕು ಗಂಟೆ. ಅವತ್ತು ಅವಳು ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ಎಂದಿಗಿಂತ ಒಂದು ಬಸ್ ಮುಂಚೆಯೇ ಬಂದಿದ್ದಳು. ಪ್ರಿನ್ಸಿಪಾಲರು ಎರಡು ಶಾಲು ಹೊದ್ದಿದ್ದರು. ನಾನು ಮೊದಲ ಕಾಯನ್ನು ಇಳಿಸಿ ಮಾರ್ಗದರ್ಶಕಿಯ ಕೈಗೆ ಕೊಟ್ಟು, ಅಲ್ಲಾಡಿಸಿ ನೋಡಿ ಮೇಡಂ ಎಂದೆ. ಅಲ್ಲಾಡಿಸಿದರು. ಒಳಗೆ ನೀರು ಗುಳುಗುಳು ಎಂದಿತು. ಇನ್ನೊಂದು ಇಳಿಸಿದೆ, ಅದೂ ಗುಳುಗುಳು. ಸುಲಿಸಿ ಒಡೆಸಿದರೆ ಚಟ್ನಿಗೆ ಆಗುವಂಥ ಬೆಳ್ಳಗಿನ ಹಸಿ ಕಾಯಿ, ನೀರೆಲ್ಲ ಮಾರ್ಗದರ್ಶಕಿಯ ಚಪ್ಪಲಿಯ ಮೇಲೆ.

ನಾನು ಅತ್ತೆಯ ಮುಖ ನೋಡಿದೆ. ‘ಇದ್ಯಾಕೆ ಇವತ್ತು ಇಳುಸ್ತಾ ಇದೀರಿ?’ ಎಂದರು ಅವರು. ‘ಇನ್ನೂ ಏಳು ತಿಂಗ್ಳಾದ್ರೂ ಬೇಕು. ಹನ್ನೊಂದು ತಿಂಗ್ಳು ಕಣ್ರೀ ಗಿಟುಕಾಗೋಕೆ.’

‘ಮತ್ತೆ ನೀವು ಹೇಳಲಿಲ್ಲವಲ್ಲ ಅತ್ತೆ.’

‘ನೀವು ಬಂದಾಗ್ಲೆಲ್ಲ ಹದಿನಾರು ವಾರ, ಹದಿನಾರು ವಾರ ಅಂತ ಬರೆಸ್ತಿದ್ರಿ. ಕಾಲೇಜ್ನೋರು, ಇದ್ಯಾವುದೋ ಹೊಸ ಕ್ರಮ ಐತೆ ಅಂತ ನಾನು ಸುಮ್ಕಿದ್ದೆ.’

ಮಾರ್ಗದರ್ಶಕಿ ಚಪ್ಪಲಿ ಕೊಡವಿ ಮಕ್ಕಳ ಕಡೆ ತಿರುಗಿದರು. ‘ನಿಮ್ಮಲ್ಲಿ ಯಾರ ಮನೇಲಿ ಅಟ್ಟ ಇದೆ?’ ಎಂದು ಕೇಳಿದರು. ಇಪ್ಪತ್ತೆರಡು ಕೈ ಮೇಲೆದ್ದವು. ಮುಂದಿದ್ದ ಕಾವ್ಯ ಎಂಬ ಹುಡುಗಿಯನ್ನು ಅವರು ಕೇಳಿದರು, ‘ಗಿಟುಕಾಗೋಕೆ ಎಷ್ಟು ದಿನ ಬೇಕಮ್ಮ?’

ಕಾವ್ಯ ಕೈಕಟ್ಟಿ ನಿಂತಳು. ‘ಮನೇಲಿ ಹನ್ನೊಂದು ತಿಂಗಳು ಮೇಡಂ. ನೋಟ್ಸಲ್ಲಿ ಹದಿನಾರು ವಾರ.’

‘ಪರೀಕ್ಷೆಯಲ್ಲಿ ಏನು ಬರೀತೀಯಾ?’

‘ಹದಿನಾರು ವಾರ’ ಎಂದಳು, ಇದೇನು ಕೇಳುವ ಪ್ರಶ್ನೆ ಎಂಬಂತೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ವಾಸಿಯಿತ್ತು. ನಾಚಿಕೆ ಎಂದರೇನು ಎಂಬುದರ ಬಗ್ಗೆ ನೋಟ್ಸ್ ಬೇಕಿಲ್ಲದಂಥ ಅನುಭವ ಅವತ್ತು ನನಗೊಬ್ಬನಿಗೆ ಪೂರ್ತಿಯಾಗಿ ಆಯಿತು. ಶೋಭಾ ಮಕ್ಕಳನ್ನು ಬಸ್ಸಿಗೆ ಕಳಿಸಿ ವಾಪಸ್ ಬಂದಳು. ‘ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು ಸರ್. ಶಾರದಮ್ಮನ್ನ ನಾನೇ ಕೇಳ್ತಿದ್ದೆ’ ಎಂದಳು. ದನಿ ಏರಿಸಲಿಲ್ಲ. ಅವಳ ನಾಲ್ಕು ಗಂಟೆಯನ್ನು ನಾನೇ ಕೈಯಾರೆ ಒಡೆದು ಚೆಲ್ಲಿದೆನಲ್ಲ ಎಂದು ಆ ರಾತ್ರಿ ಊಟ ಸೇರಲಿಲ್ಲ. ಉಳಿದ ಕಾಯಿಗಳನ್ನು ಏನು ಮಾಡುವುದು ಎಂದು ನನ್ನ ಹೆಂಡತಿ ಗಿರಿಜಾ ಕೇಳಿದಳು. ಅವು ಅಲ್ಲೇ ಇರಲಿ ಎಂದು ಅತ್ತೆ ಹೇಳಿ ಕಳಿಸಿದ್ದರು, ಕಾಯಿ ಏನು ತಪ್ಪು ಮಾಡಿದೆ ಎಂದು.

ಆಮೇಲಿನ ಎರಡು ತಿಂಗಳು ನನಗೆ ಸಮಾಧಾನವಿರಲಿಲ್ಲ. ಶೋಭಾ ಬೇರೆ ಕಡೆ ಅರ್ಜಿ ಹಾಕುತ್ತಿದ್ದಾಳೆಂದು ತಿಳಿಯಿತು. ಕೊನೆಗೂ ವರದಿ ಬಂದಾಗ ಪ್ರಿನ್ಸಿಪಾಲರು ಅದನ್ನು ಮೂರು ಸಲ ಓದಿಸಿದರು, ಮೂರು ಸಲವೂ ನಮಗೆ ನಂಬಿಕೆ ಬರಲಿಲ್ಲ. ಈ ಕೋರ್ಸಿನ ಮಕ್ಕಳಿಗೆ ವಿಷಯ ಮೊದಲೇ ಗೊತ್ತಿದೆ, ಕಲಿಯಬೇಕಾದ್ದು ಅಧ್ಯಾಪಕರು ಎಂದು ಮಾರ್ಗದರ್ಶಕಿ ಬರೆದಿದ್ದರು. ಕೋರ್ಸನ್ನು ಎರಡು ಸೆಮಿಸ್ಟರಿಗೆ ವಿಸ್ತರಿಸಬೇಕು, ಪ್ರತಿ ಸೆಮಿಸ್ಟರಿಗೂ ವಾರಕ್ಕೆ ನಾಲ್ಕು ಗಂಟೆ. ಶೋಭಾ ನಡೆಸಬೇಕು, ಶಾರದಮ್ಮನವರು ಹೇಳಿಕೊಡಬೇಕು, ನಾನು ಹಾಜರಾತಿ ಹಾಕಿಸಿಕೊಂಡು ಕೂರಬೇಕು. ಇದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಶೋಭಾ ಓದಿ ಮುಗಿಸಿ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅದು ಕಾಲೇಜಿನ ಪ್ರತಿಯಾಗಿತ್ತು, ಯಾರೂ ವಾಪಸ್ ಕೇಳಲಿಲ್ಲ.

ಹನ್ನೊಂದನೆಯ ತಿಂಗಳು ಮೊನ್ನೆ ತಾನೇ ತುಂಬಿತು. ನಾವೆಲ್ಲ ಅಟ್ಟದ ಕೆಳಗೆ ಚಾಪೆಯ ಮೇಲೆ ಕೂತಿದ್ದೆವು. ನಾನು ಅಭ್ಯಾಸಬಲದಿಂದ ಪೆನ್ನು ತೆಗೆದೆ. ‘ಬರ್ಕೊಳ್ಳೋದು ಆಮೇಲೆ ಇದ್ದಿದ್ದೇ. ಮೊದ್ಲು ಕಿವಿ ಕೊಟ್ಟು ಕೇಳಿ’ ಎಂದು ಅತ್ತೆ ಒಂದು ಕಾಯನ್ನು ನನ್ನ ಮಡಿಲಿಗೆ ಹಾಕಿ ಮುಂದೆ ಹೋದರು. ಅಲ್ಲಾಡಿಸಿದೆ. ಒಳಗೆ ಏನೋ ಸದ್ದಾಯಿತು. ಅದು ಗಿಟುಕಿನದೋ, ಉಳಿದ ನೀರಿನದೋ, ನನ್ನ ಮಣಿಕಟ್ಟಿನ ಗಡಿಯಾರದ್ದೋ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಕಾವ್ಯಳ ಕಿವಿಯ ಹತ್ತಿರ ಹಿಡಿದು, ‘ಆಗಿದೆಯೇನಮ್ಮ ಇದು?’ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ, ‘ನೀವು ಹೆಂಗೆ ಹೇಳಿದ್ರೆ ಹಂಗೆ ಸರ್’ ಎಂದಳು.

‘ನನಗೆ ಗೊತ್ತಿಲ್ಲ ಕಣಮ್ಮ’ ಎಂದೆ. ಬಾಯಿಂದ ಬಂದೇಬಿಟ್ಟಿತು. ಅಷ್ಟು ದೂರದಲ್ಲಿದ್ದ ಶೋಭಾ ಕೂಡ ತಿರುಗಿ ನೋಡಿದಳು. ಎದೆ ಹಗುರಾಗಿ, ಕಣ್ಣು ಸ್ವಲ್ಪ ಒದ್ದೆಯಾಗಿ ನಾನು ಕಾವ್ಯಳ ಕಡೆ ನೋಡುತ್ತೇನೆ, ಅವಳು ತಲೆಯಾಡಿಸಿ, ಚೀಲದಿಂದ ನೋಟ್ಸಿನ ಪುಸ್ತಕ ತೆಗೆದು, ಹೊಸ ಪುಟದಲ್ಲಿ ಅದನ್ನೂ ಬರೆದುಕೊಳ್ಳುತ್ತಿದ್ದಾಳೆ.