ಚೆಂಡಿಗೆ ವಾರ ಹಿಡಿದ ಕಾಕಾ

ನಮ್ಮ ಕಾಕಾನಷ್ಟು ಸಲ ಸನ್ಮಾನ ಮಾಡಿಸಿಕೊಂಡವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿರಲಾರರು. ಏನು ಸಾಧನೆ ಮಾಡಿದ್ದಾನೆ ಎಂದು ಕೇಳುತ್ತೀರಾ? ತಕರಾರು ಮಾಡಿದ್ದಾನೆ! ಬೇರೆಯವರು ತಕರಾರು ಮಾಡಿದರೆ ಬೈಸಿಕೊಳ್ಳುತ್ತಾರೆ, ನಮ್ಮ ಕಾಕಾ ಮಾಡಿದರೆ ಕರೆದು ಶಾಲು ಹೊದಿಸುತ್ತಾರೆ. ಧುಪದಾಳದ ನಮ್ಮ ಮನೆಯಲ್ಲಿ ಅವನ ಟ್ರಂಕಿನ ತುಂಬ ಬರೀ ಶಾಲುಗಳು. ಚಳಿಗಾಲದಲ್ಲಿ ನಮ್ಮ ಕುರಿಮರಿಗಳೂ ಜರಿಯಂಚಿನ ಶಾಲು ಹೊದ್ದು ಮಲಗಿದ್ದುಂಟು.

ಕಾಕಾನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲು ಹೋದವು. ಮನೆಯವರೆಲ್ಲ ಕುರಿಯ ಹಿಂದೆ ಅಲೆಯುವಾಗ ಇವನು ಗಾಲಿಕುರ್ಚಿಯ ಮೇಲೆ ಕೂತು ಫುಟ್‌ಬಾಲಿನ ಹುಚ್ಚು ಹಚ್ಚಿಕೊಂಡ. ಜನ್ಮದಲ್ಲಿ ಒಮ್ಮೆಯೂ ಚೆಂಡು ಒದ್ದವನಲ್ಲ. ಆದರೆ ರೆಫರಿಗೆ ಗೊತ್ತಿಲ್ಲದ್ದೆಲ್ಲ ಇವನಿಗೆ ಗೊತ್ತು! ನಮ್ಮ ತಂಡದ ಹುಡುಗ ಗೋಲಿನೆದುರು ಚೆಂಡು ತಪ್ಪಿಸಿದನೋ, ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಾನೆ:

"ಆ ಕಾಲ ನನಗ ಕೊಡೋ. ನೀ ಬಂದ ಇಲ್ಲಿ ಕೂಡು."

ಮೈದಾನ ಯಾವ ಊರಿನದು ಎಂದು ಹೇಳುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ, ನಿಮಗೆ ಬೇಕಾದ್ದು ಇಟ್ಟುಕೊಳ್ಳಿ. ಹೆಸರು ಹೇಳಿದರೆ ಅಲ್ಲಿನ ಮೈದಾನ ಸಮಿತಿಯವರು ನನಗೂ ಶಾಲು ಹೊದಿಸಿಬಿಟ್ಟಾರು ಎಂಬ ಹೆದರಿಕೆ. ಹುಕ್ಕೇರಿಯಲ್ಲಿ ಶಾಲೆಯ ಟೀಚರಾಗಿ ನಾನು ಹೇಗೋ ಮರ್ಯಾದೆಯಿಂದ ಇದ್ದೇನೆ.

ಮೊದಲು ಅದು ಬಯಲು ಮೈದಾನವಾಗಿತ್ತು. ಕಾಕಾ ಟಂಟಂ ಆಟೋದಲ್ಲಿ ಕುರ್ಚಿ ಹಾಕಿಕೊಂಡು ಹೋಗಿ, ಕೈಯೂರಿ ತಾನೇ ಇಳಿದು, ಗೋಲುಕಂಬದ ಬಾಜೂಕ್ಕೆ ಕುರ್ಚಿ ನಿಲ್ಲಿಸಿ ಆಟ ನೋಡುತ್ತಿದ್ದ. ಆಮೇಲೆ ಅಭಿವೃದ್ಧಿ ಬಂತು. ಅಭಿವೃದ್ಧಿ ಅಂದರೆ ಗೊತ್ತಲ್ಲ, ಸುತ್ತಲೂ ಗೋಡೆ ಮತ್ತು ನಡುವೆ ಒಂದು ಕಲ್ಲಿನ ಮೇಲೆ ಬಹಳ ಹೆಸರು. ಎತ್ತರದ ಗ್ಯಾಲರಿ ಎದ್ದಿತು, ಅದಕ್ಕೆ ಹತ್ತಲು ಸಾಲು ಪಾವಟಿಗೆಗಳು. ಕೆಳಗೇ ಕೂತು ನೋಡೋಣವೆಂದರೆ ಅಂಚಿನುದ್ದಕ್ಕೂ ಬ್ಯಾನರ್ ಕಟ್ಟಿದ್ದರು. ಆಟಗಾರರ ಕಾಲು ಕಾಣುವಲ್ಲಿ ಮುಖಂಡರ ಹಲ್ಲು ಕಾಣುತ್ತಿದ್ದವು.

ಹಾಗಾಗಿ ಕಾಕಾನನ್ನು ಎತ್ತಿಕೊಂಡು ಹೋಗುವ ಪದ್ಧತಿ ಶುರುವಾಯಿತು. ಸಮಿತಿಯ ನಾಲ್ಕು ಗಟ್ಟಿ ಹುಡುಗರು ಓಡಿ ಬರುವವರು. ಒಬ್ಬ ಹೊರುವುದರ ಫೋಟೋ ತೆಗೆಯುವವನು. ಗ್ಯಾಲರಿಯ ಮೆಟ್ಟಿಲಿನಲ್ಲಿ ಕುರ್ಚಿ ನಿಲ್ಲುವುದಿಲ್ಲವೆಂದು ಕಾಕಾನನ್ನು ಮೇಲೆ ಕೂರಿಸಿ, ಕುರ್ಚಿಯನ್ನು ಕೆಳಗೆ ಗೇಟಿನ ಹತ್ತಿರ ಬಿಡುವವರು. ಮೊದಲ ಸಲ ಎತ್ತುವಾಗಲೇ ಕಾಕಾ ಅವರಿಗೆ ಹೇಳಿದ:

"ಬ್ಯಾಡ್ರೋ ತಮ್ಮಾ. ನಾಲ್ಕ ಮಂದಿ ಹೊರೂ ದಿನಾ ಹೆಂಗೂ ಬಂದ ಬರತೈತಿ. ಈಗಿಂದನ ತಾಲೀಮ ಯಾಕ?"

ಹುಡುಗರು ನಕ್ಕರು, ಎತ್ತಿದರು. ಕಾಕಾನಿಗೆ ಬೇಕಾದದ್ದು ಒಂದೇ: ತನ್ನ ಗಾಲಿಯ ಮೇಲೆ ತಾನೇ ಹೋಗಬೇಕು, ತನ್ನ ಗಾಲಿಯ ಮೇಲೆ ತಾನೇ ಬರಬೇಕು. ಇದನ್ನೇ ಸಮಿತಿಯ ಅಧ್ಯಕ್ಷರಿಗೆ ಹೇಳಿದ. ಅವರು ಬಹಳ ದೊಡ್ಡ ಮನಸ್ಸಿನವರು, ತಕ್ಷಣ ಸ್ಪಂದಿಸಿದರು. ಮುಂದಿನ ಪಂದ್ಯಕ್ಕೆ ಕಾಕಾನ ಸನ್ಮಾನ ಇಟ್ಟರು!

ಸನ್ಮಾನದ ವೇದಿಕೆಗೂ ಮೆಟ್ಟಿಲಿದ್ದವು ಎಂದು ಬೇರೆ ಹೇಳಬೇಕೆ? ಮತ್ತೆ ನಾಲ್ವರು, ಮತ್ತೆ ಫೋಟೋ. ಕ್ರೀಡಾಪ್ರೇಮಿ, ಛಲದಂಕಮಲ್ಲ, ನಮ್ಮೆಲ್ಲರ ಸ್ಫೂರ್ತಿ ಎಂದು ಅಧ್ಯಕ್ಷರು ಹೊಗಳಿ ಶಾಲು ಹೊದಿಸಿದರು. ಕಾಕಾ ಮೈಕು ಕೇಳಿ ಇಸಿದುಕೊಂಡ.

"ಶಾಲ ಛಲೋ ಐತ್ರಿ. ಇದನ್ನ ಪಾವಟಿಗಿ ಮ್ಯಾಲ ಹಾಸಿದ್ರ ಗಾಲಿ ಏರತೈತೇನ್ರಿ?"

ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರೂ ತಟ್ಟಿದರು. ನಮ್ಮ ಕಡೆ ಮೈಕಿನಲ್ಲಿ ಏನು ಹೇಳಿದರೂ ಚಪ್ಪಾಳೆ ಗ್ಯಾರಂಟಿ.

ಎರಡನೆಯ ತಕರಾರಿಗೆ ಎರಡನೆಯ ಶಾಲು. ಆಮೇಲಾಮೇಲೆ ಕಾಕಾ ಗೇಟಿನಲ್ಲಿ ಕಂಡರೆ ಸಾಕು, ಸಮಿತಿಯವರು ಶಾಲಿನ ಅಂಗಡಿಗೆ ಹುಡುಗನನ್ನು ಓಡಿಸತೊಡಗಿದರು. ಒಂದು ವರ್ಷ ಮಾತ್ರ ಶಾಲಿನ ಜೊತೆಗೆ ಬೋರ್ಡು ಬರೆಸಿದರು. ಗಾಲಿಕುರ್ಚಿಯ ಚಂದದ ಚಿತ್ರ, ಕೆಳಗೆ 'ಅಂಗವಿಕಲರಿಗೆ ಮೀಸಲು'. ಎಲ್ಲಿ ಬರೆಸಿದ್ದರು ಗೊತ್ತೇ? ಗ್ಯಾಲರಿಯ ತೀರಾ ಮೇಲಿನ ಸಾಲಿನಲ್ಲಿ! ಅಲ್ಲಿ ನೆರಳು ಚೆನ್ನಾಗಿರುತ್ತದಂತೆ. ಕಾಕಾ ಕೆಳಗಿನಿಂದ ಕತ್ತೆತ್ತಿ ಬಹಳ ಹೊತ್ತು ನೋಡಿದ. "ಚಿತ್ರದಾಗಿನ ಗಾಲಿ ಏರೇತಿ. ನಮ್ಮದಷ್ಟ ಉಳೀತು," ಎಂದ.

ಕಡೆಗೊಮ್ಮೆ ಇಳಿಜಾರು ಕಟ್ಟಿದರು. ನಿಂತು ನೋಡಿದರೆ ಶಾಲೆಯ ಜಾರುಬಂಡಿಯೇ ನೆನಪಾಗುತ್ತಿತ್ತು, ಅಷ್ಟು ಕಡಿದು. ಉದ್ಘಾಟನೆಗೆ ಚೆಂಡು ಹೂವಿನ ಮಾಲೆ, ಕೆಂಪು ರಿಬ್ಬನ್ನು, ಎಲ್ಲ ತಯಾರು. ನಮ್ಮದು ಕುರಿಯವರ ಮನೆ. ಕಾಕಾ ಅವತ್ತು ಮನೆಯ ಟಗರನ್ನು ಟಂಟಂನಲ್ಲಿ ಹಾಕಿಕೊಂಡು ಬಂದಿದ್ದ. ಮೊದಲು ಟಗರು ಏರಲಿ, ಆಮೇಲೆ ನಾನು ಏರುತ್ತೇನೆ ಎಂದು ಹಟ ಹಿಡಿದ. ಗುಡ್ಡ ಹತ್ತಿ ಬೆಳೆದ ಟಗರು ಇಳಿಜಾರನ್ನು ಮೂಸಿತು, ಒಂದು ಕಾಲಿಟ್ಟು ಜಾರಿತು. ಹಿಂದೆ ಸರಿದು, ಸಾವಕಾಶವಾಗಿ ಉದ್ಘಾಟನೆಯ ಮಾಲೆಯನ್ನು ತಿಂದು ಮುಗಿಸಿತು. ಕಾಕಾನ ಕಡೆಯವರಲ್ಲಿ ಸಮಿತಿಯಿಂದ ಏನಾದರೂ ದಕ್ಕಿಸಿಕೊಂಡದ್ದು ಆ ಟಗರು ಒಂದೇ.

ಇಲ್ಲೇ ಕಾಕಾನ ಇನ್ನೊಂದು ಹುಚ್ಚು ಹೇಳಿಬಿಡುತ್ತೇನೆ. ಬಾಕಿ ದಿನ ಅವನು ಚಹಾದಲ್ಲೇ ಮುಖ ತೊಳೆಯುವ ಮನುಷ್ಯ. ಆದರೆ ಗ್ಯಾಲರಿ ಆದಂದಿನಿಂದ, ಪಂದ್ಯದ ದಿನ ಬೆಳಗಿನಿಂದಲೇ ಚಹಾ ಹೋಗಲಿ, ಹನಿ ನೀರೂ ಮುಟ್ಟುತ್ತಿರಲಿಲ್ಲ. ಅವ್ವ ಅದಕ್ಕೊಂದು ಕಾರಣ ಹುಡುಕಿದಳು: ತಂಡ ಗೆಲ್ಲಲೆಂದು ಮೈದುನ ವಾರ ಹಿಡಿದಿದ್ದಾನೆ! ಎಲ್ಲಮ್ಮನಿಗೆ ಮಂಗಳವಾರ, ಬಸವಣ್ಣನಿಗೆ ಸೋಮವಾರ ಹಿಡಿದು ಉಪವಾಸ ಮಾಡುವವರನ್ನು ನೋಡಿದ್ದೇವೆ, ಚೆಂಡಿಗೆ ವಾರ ಹಿಡಿದವನು ಇವನೊಬ್ಬನೇ ಎಂದು ಮನೆಮಂದಿಯೆಲ್ಲ ಆಡಿಕೊಂಡು ನಗುತ್ತಿದ್ದೆವು. ಇವನದು ಉಪವಾಸ, ನಮ್ಮ ತಂಡ ಮಾತ್ರ ಪ್ರತಿ ಸಲ ಹೊಟ್ಟೆ ತುಂಬ ಗೋಲು ತಿಂದು ಬರುತ್ತಿತ್ತು. ನಿನ್ನ ದೇವರು ಕಣ್ಣು ಬಿಡಲೇ ಇಲ್ಲವಲ್ಲ ಕಾಕಾ ಎಂದು ನಾನು ಕೆಣಕಿದರೆ, ಬಿಡ್ತಾನ ತಗೋ ಎಂದು ನಗುತ್ತಿದ್ದ.

ದೇವರು ಕಣ್ಣು ಬಿಟ್ಟ. ಆದರೆ ಬಿಟ್ಟದ್ದು ಅಧ್ಯಕ್ಷರ ಮೊಣಕಾಲಿನ ಮೇಲೆ! ಬೆಳಗಾವಿಯಲ್ಲಿ ಅವರ ಮೊಣಕಾಲಿನ ಆಪರೇಶನ್ ಆಯಿತು. ವಾಕರ್ ಹಿಡಿದು ಪಂದ್ಯಕ್ಕೆ ಬಂದರು. ಅದೇ ನಾಲ್ವರು ಹುಡುಗರು ಅದೇ ಉತ್ಸಾಹದಿಂದ ಓಡಿ ಬಂದು ಅವರನ್ನು ಎತ್ತಿದರು, ಒಬ್ಬ ಫೋಟೋಕ್ಕೆ ನಿಂತ. ಅಧ್ಯಕ್ಷರು ಅರ್ಧ ಮೆಟ್ಟಿಲಿನಲ್ಲೇ ಅವರನ್ನೆಲ್ಲ ಬಾಯಿಗೆ ಬಂದಂತೆ ಬೈದು ಕೆಳಗಿಳಿದರು. ಕಾಕಾನ ಇಷ್ಟು ವರ್ಷದ ಮಾತಿಗೆ ಆಗದ ಕೆಲಸ ಒಂದು ಮೊಣಕಾಲಿನ ನೋವಿಗೆ ಆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಹಳೆಯದನ್ನು ಒಡೆದು, ಉದ್ದಕ್ಕೆ ಮೆಲ್ಲಗೆ ಏರುವ ಹೊಸ ಇಳಿಜಾರು ಬಂತು. ಅದರ ತುದಿಗೆ ಕುರ್ಚಿ ನಿಲ್ಲುವ ಸಪಾಟು ಜಾಗ, ಬುಡದಲ್ಲಿ ಹೊಸ್ತಿಲಿಲ್ಲದ ಶೌಚಾಲಯ.

ಉದ್ಘಾಟನೆಗೆ ಕಾಕಾ ಟ್ರಂಕಿನಿಂದ ಒಂದು ಶಾಲು ಒಯ್ದಿದ್ದ. ಅಧ್ಯಕ್ಷರು ಕುರ್ಚಿಯಲ್ಲಿ ಕೂತಿದ್ದರು. ಕಾಕಾ ಸೀದಾ ಹೋಗಿ ಅವರದೇ ಶಾಲನ್ನು ಅವರ ಮೊಣಕಾಲಿಗೆ ಹೊದಿಸಿ ಕೈಮುಗಿದ. ಜನ ಚಪ್ಪಾಳೆ ತಟ್ಟಿದರು. ಈ ಸಲ ಅಧ್ಯಕ್ಷರು ತಟ್ಟಲಿಲ್ಲ.

ಆಮೇಲೆ ಕಾಕಾ ಇಳಿಜಾರು ಏರಿದ. ನಾನು ಹಿಂದೆ ಹೋಗಿ ಕುರ್ಚಿಗೆ ಕೈಹಚ್ಚಲು ನೋಡಿದರೆ ಕೈ ತಗೀ ಎಂದ. ತನ್ನ ಗಾಲಿ ತಾನೇ ತಿರುಗಿಸುತ್ತ ಮೇಲೆ ಮುಟ್ಟಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಬೆವರಿರಬೇಕು ಎಂದುಕೊಂಡೆ. ಆಟ ಶುರುವಾಯಿತು, ಎಂದಿನಂತೆ ನಮ್ಮವರ ಕಾಲು ಬೇಡುತ್ತ ಕೂಗಿದ. ಅರ್ಧ ಆಟಕ್ಕೆ ಸೀಟಿ ಆದಾಗ ನನ್ನ ಕಡೆ ತಿರುಗಿದ.

"ಒಂದ ಚಾ ಹೇಳವಾ."

ನನಗೆ ನಗು ಬಂತು. "ಯಾಕ ಕಾಕಾ, ವಾರಾ ಮುರದಿ?"

"ಯಾವ ವಾರಾ?" ಎಂದ ಕಾಕಾ, ಮೈದಾನದ ಕಡೆ ನೋಡುತ್ತ. "ಚಾ ಕುಡದ್ರ ಒಂದಕ್ಕ ಇಳೀಬೇಕಾಗತಿತ್ತು. ಇಳಸಾಕ ನಾಲ್ಕ ಮಂದಿ ಬೇಕಿತ್ತು. ಆಟ ನೋಡಾಕ ಕುಂತ ಹುಡುಗೂರ್ನ ಅದಕ್ಕ ಹೆಂಗ ಕರೀಲಿ?"

ನನ್ನ ನಗು ಅಲ್ಲೇ ನಿಂತಿತು. ನಮ್ಮ ಬಿಸಿಲು ಎಂಥದೆಂದು ನಿಮಗೆ ಗೊತ್ತು. ಆ ಬಿಸಿಲಿನಲ್ಲಿ, ಬೆಳಗಿನಿಂದ ಒಣಗಿದ ಗಂಟಲಿನಲ್ಲಿ, ಇಷ್ಟು ವರ್ಷ ಕೂಗಿದ್ದನಲ್ಲ! ಹೋಗಿ ಚಹಾ ತಂದುಕೊಟ್ಟೆ.

ಕಾಕಾ ಊದಿ ಊದಿ ಕುಡಿದ. ಕಪ್ಪು ನನ್ನ ಕೈಗೆ ಕೊಟ್ಟು, ಕುರ್ಚಿ ತಿರುಗಿಸಿ, ಯಾರನ್ನೂ ಕರೆಯದೆ, ಯಾರಿಗೂ ಹೇಳದೆ ಇಳಿಜಾರು ಇಳಿದು ಹೋದ. ಆಟ ಮತ್ತೆ ಶುರುವಾಗುವ ಹೊತ್ತಿಗೆ ತಿರುಗಿ ಬಂದು ತನ್ನ ಜಾಗದಲ್ಲಿ ಕುರ್ಚಿ ನಿಲ್ಲಿಸಿದ.

"ಇನ್ನೊಂದ ಹೇಳವಾ," ಎಂದ. "ತುಂಬ ಹಾಕಂತ ಹೇಳು."